ಯಂತ್ರಕ್ಕೆ ಮೊದಲಿನ ಹತ್ತು ವರ್ಷ

ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಒಳಗಿನ ಒಂದು ಒಂಟಿಮನೆ. ಅಲ್ಲಿಂದ ಡಯಾಲಿಸಿಸ್ ಘಟಕವಿರುವ ಆಸ್ಪತ್ರೆಗೆ 35 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಹೋಗಿ ಬರಲು 70. ವಾರಕ್ಕೆ ಮೂರು ಸಲದಂತೆ ವರ್ಷಕ್ಕೆ 156 ಸರದಿ, ಒಟ್ಟು 10,920 ಕಿಲೋಮೀಟರ್. ಪ್ರತಿ ಸಲವೂ ಯಂತ್ರದ ಪಕ್ಕ ನಾಲ್ಕು ತಾಸು ಮಲಗಬೇಕು. ಜೊತೆಗೊಬ್ಬರು ಬರಲೇಬೇಕು, ಅವರ ಆ ದಿನದ ಕೆಲಸ ಹೋದಂತೆ. ಬಸ್ಸು ತಪ್ಪಿದರೆ ಆಟೊ ಇಲ್ಲವೇ ಪರಿಚಯದವರ ಜೀಪು. ಸರ್ಕಾರಿ ಘಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ಚಿಕಿತ್ಸೆ ಉಚಿತ, ದಾರಿಖರ್ಚು ಉಚಿತವಲ್ಲ.

ಮಲೆನಾಡಿನ ಈ ಮೂಲೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಸಾಲದು. ಲಿಂಗನಮಕ್ಕಿ, ಮಾಣಿ, ಚಕ್ರಾ, ಸಾವೆಹಕ್ಲು ಜಲಾಶಯಗಳು ಬಂದ ಮೇಲೆ ಎಷ್ಟೋ ಊರುಗಳ ದಾರಿ ನೀರನ್ನು ಬಳಸಿಕೊಂಡು ಸುತ್ತಿ ಹೋಗುತ್ತದೆ. ಮಾಸ್ತಿಕಟ್ಟೆ, ಹುಲಿಕಲ್, ಆಗುಂಬೆಯ ಕಡೆ ಜೂನ್ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದು. ಮರ ಬಿದ್ದರೆ ರಸ್ತೆ ಬಂದ್, ಕಂಬ ಬಿದ್ದರೆ ಕರೆಂಟೂ ಇಲ್ಲ, ಫೋನೂ ಇಲ್ಲ. ಸಾಗರ ತಾಲ್ಲೂಕಿನ ತುಮರಿ ಭಾಗದವರಿಗೆ ಆರು ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಆಸ್ಪತ್ರೆಗೆ ಹೊರಟವರು ಹಿನ್ನೀರನ್ನು ಸುತ್ತುಹಾಕಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ಆ ಭಾಗದ ರೋಗಿಗಳ ಮಟ್ಟಿಗೆ ಒಂದು ದೊಡ್ಡ ಕಂಟಕ ಕಳೆಯಿತು.

ಹತ್ತು ವರ್ಷಗಳ ಹಿಂದಿನದಕ್ಕೆ ಹೋಲಿಸಿದರೆ ಪರಿಸ್ಥಿತಿ ಸುಧಾರಿಸಿದೆ ಎಂಬುದೂ ನಿಜ. ಕೇಂದ್ರದ 2016–17ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಆಗ ಹಾಕಿದ ಲೆಕ್ಕದಂತೆ ದೇಶದಲ್ಲಿ ಪ್ರತಿವರ್ಷ ಹೊಸದಾಗಿ ಸುಮಾರು 2.2 ಲಕ್ಷ ಜನ ಕಿಡ್ನಿ ವೈಫಲ್ಯದ ಕೊನೆಯ ಹಂತ ತಲುಪುತ್ತಾರೆ. ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗದೆ ಬೇರೆ ದಾರಿ ಇಲ್ಲದಿದ್ದ ಕಾಲ ಹೋಗಿ, ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಿಗೂ ಯಂತ್ರಗಳು ಬಂದವು. ಅಲ್ಲಿಗೆ ಊರಿನ ಬೇಡಿಕೆಯೂ ಅದೇ ಆಯಿತು: ಇನ್ನೆರಡು ಯಂತ್ರ ಬೇಕು, ಕೆಟ್ಟದ್ದನ್ನು ಬೇಗ ರಿಪೇರಿ ಮಾಡಿಸಿ, ಇನ್ನೊಂದು ಪಾಳಿ ನಡೆಸಿ. ಈ ಬೇಡಿಕೆ ನ್ಯಾಯವಾದದ್ದೇ. ಆದರೆ ಒಬ್ಬ ವ್ಯಕ್ತಿ ಆ ಹಾಸಿಗೆಯವರೆಗೆ ತಲುಪಲು ಸಾಮಾನ್ಯವಾಗಿ ಹಲವು ವರ್ಷ ಹಿಡಿಯುತ್ತದೆ. ಆ ವರ್ಷಗಳಲ್ಲಿ ಏನು ನಡೆಯಿತು, ಏನು ನಡೆಯಬೇಕಿತ್ತು ಎಂಬುದರ ಬಗ್ಗೆ ಮಾತು ತೀರಾ ಕಡಿಮೆ.

ನಮ್ಮದೇ ಜಿಲ್ಲೆಯ ಲೆಕ್ಕ

ಈ ವಿಷಯದಲ್ಲಿ ಶಿವಮೊಗ್ಗ ಜಿಲ್ಲೆಗೆ ಹೊರಗಿನ ಅಂಕಿ ಎರವಲು ತರುವ ಅಗತ್ಯವಿಲ್ಲ. ಶಿವಮೊಗ್ಗದ ಕಿಡ್ನಿ ತಜ್ಞೆ ಡಾ. ವೈ.ಜೆ. ಅನುಪಮಾ ಮತ್ತು ಡಾ. ಜಿ. ಉಮಾ ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ 2014ರಲ್ಲಿ ಭಾರತೀಯ ಕಿಡ್ನಿ ತಜ್ಞರ ನಿಯತಕಾಲಿಕದಲ್ಲಿ ಪ್ರಕಟವಾಯಿತು. 18 ವರ್ಷ ದಾಟಿದ 2,091 ಜನರ ರಕ್ತ, ಮೂತ್ರ ಪರೀಕ್ಷಿಸಿದ್ದರು. ಅವರ ಸರಾಸರಿ ವಯಸ್ಸು ನಲವತ್ತರ ಆಸುಪಾಸು. ಆಸ್ಪತ್ರೆಯ ಸಾಲಿನಲ್ಲಿ ನಿಂತ ರೋಗಿಗಳಲ್ಲ, ಮನೆಯಲ್ಲಿ ಓಡಾಡಿಕೊಂಡಿದ್ದವರು. ಒಂದು ಸೂತ್ರದ ಪ್ರಕಾರ ಅವರಲ್ಲಿ 131 ಮಂದಿಗೆ, ಅಂದರೆ ಶೇ 6.3ರಷ್ಟು ಜನರಿಗೆ, ದೀರ್ಘಕಾಲದ ಕಿಡ್ನಿ ಕಾಯಿಲೆ ಇತ್ತು. ಇನ್ನೊಂದು ಸೂತ್ರ ಹಚ್ಚಿದರೆ ಈ ಪ್ರಮಾಣ ಶೇ 16 ದಾಟುತ್ತಿತ್ತು. ಶೇ 2.8ರಷ್ಟು ಜನರ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ವಯಸ್ಸು, ಹೊಟ್ಟೆಯ ಬೊಜ್ಜು, ಧೂಮಪಾನ, ಸಕ್ಕರೆ ಕಾಯಿಲೆ, ಬಿ.ಪಿ. ಇವೆಲ್ಲಕ್ಕೂ ಕಾಯಿಲೆಯ ಜೊತೆ ಸ್ಪಷ್ಟ ನಂಟು ಕಂಡಿತು.

ಯಾವ ಸೂತ್ರ ಹಿಡಿದರೂ ಅರ್ಥ ಒಂದೇ: ಹಳ್ಳಿಯ ಕಿಡ್ನಿ ಕಾಯಿಲೆಯ ಬಹುಪಾಲು ಡಯಾಲಿಸಿಸ್ ಘಟಕದ ಹೊರಗಿದೆ. ಕಿಡ್ನಿ ನೋಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಂಡರೂ ತೋಟದ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ಕಾಲು ಊದಿಕೊಂಡು, ಊಟ ಸೇರದೆ, ಏದುಸಿರು ಬರುವ ಹೊತ್ತಿಗೆ ಉಳಿದಿರುವುದು ಅಲ್ಪ.

ಒಂದೇ ಅಂಕಿ, ಎರಡು ಅರ್ಥ

ಮಲೆನಾಡಿನಲ್ಲಿ ಈಗ ಕ್ರಿಯಾಟಿನಿನ್ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆಸ್ಪತ್ರೆಯಿಂದ ಬಂದವರನ್ನು ನೆಂಟರು ಮೊದಲು ಕೇಳುವುದೇ "ಕ್ರಿಯಾಟಿನಿನ್ ಎಷ್ಟು ಬಂತು?" ಎಂದು. ಸ್ನಾಯುಗಳಿಂದ ಹುಟ್ಟಿ ಕಿಡ್ನಿಯ ಮೂಲಕ ಹೊರಹೋಗಬೇಕಾದ ಈ ಕಸ ರಕ್ತದಲ್ಲಿ ಉಳಿದಷ್ಟೂ ಕಿಡ್ನಿ ಸೋತಿದೆ ಎಂದರ್ಥ. ಆದರೆ ಆ ಅಂಕಿಯನ್ನು ವಯಸ್ಸು, ಲಿಂಗದ ಜೊತೆಗಿಟ್ಟು ಓದಬೇಕು. ಕ್ರಿಯಾಟಿನಿನ್ 1.4 ಬಂದ 30 ವರ್ಷದ ಗಂಡಸಿನ ಕಿಡ್ನಿಯ ಶೋಧನೆಯ ವೇಗ, ಅಂದರೆ ಇಜಿಎಫ್‌ಆರ್, ಈಗ ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ ಸುಮಾರು 69. ಅದೇ 1.4 ಬಂದ 70 ವರ್ಷದ ಹೆಂಗಸಿಗೆ ಸುಮಾರು 40. ತೂಕ ಇಳಿದ, ಸ್ನಾಯು ಕರಗಿದ ಅಜ್ಜಿಯ ವರದಿ ನೋಡಿ "ಸ್ವಲ್ಪ ಜಾಸ್ತಿ ಇದೆ ಅಷ್ಟೇ" ಎಂದು ಬಿಟ್ಟರೆ, ಮೂರನೆಯ ಹಂತದ ಕಾಯಿಲೆಯನ್ನು ಕೈಬಿಟ್ಟಂತೆ. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. 15ಕ್ಕಿಂತ ಕೆಳಗಿಳಿದರೆ ಕೊನೆಯ, ಐದನೆಯ ಹಂತ.

ಇದು ಅರ್ಧ ಚಿತ್ರ. ಉಳಿದರ್ಧ ಮೂತ್ರದಲ್ಲಿದೆ. ಆರೋಗ್ಯವಂತ ಕಿಡ್ನಿ ಆಲ್ಬುಮಿನ್ ಎಂಬ ಪ್ರೋಟೀನನ್ನು ರಕ್ತದಲ್ಲೇ ತಡೆದುಕೊಳ್ಳುತ್ತದೆ. ಜರಡಿ ಹಾಳಾದಾಗ ಅದು ಸೋರುತ್ತದೆ. ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ, ಪ್ರಯೋಗಾಲಯದ ಚೀಟಿಯಲ್ಲಿ ಎಸಿಆರ್, 30ರ ಒಳಗಿರಬೇಕು. 300 ದಾಟಿದರೆ ಕಿಡ್ನಿ ವೇಗವಾಗಿ ಸವೆಯುತ್ತಿರುವ ಸೂಚನೆ. ಸಕ್ಕರೆ ಕಾಯಿಲೆಯವರಲ್ಲಿ ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಸೋರಿಕೆ ಶುರುವಾಗಿರುತ್ತದೆ. ಶುಗರ್, ಬಿ.ಪಿ. ಇರುವವರಿಗೆ ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಪರೀಕ್ಷೆ ಇದು. ರಕ್ತದ ಸಕ್ಕರೆಯನ್ನು ತಿಂಗಳು ತಿಂಗಳು ನೋಡಿಸಿಕೊಂಡರೂ ಮೂತ್ರವನ್ನು ಒಮ್ಮೆಯೂ ಪರೀಕ್ಷೆಗೆ ಕೊಡದವರು ಬಹಳ.

ಯಾರಿಗೆ ಡಯಾಲಿಸಿಸ್, ಯಾರಿಗಲ್ಲ

"ನನಗೂ ಡಯಾಲಿಸಿಸ್ ಆಗುತ್ತದಾ?" ಕಿಡ್ನಿ ಕಾಯಿಲೆ ಎಂದು ಕೇಳಿದ ತಕ್ಷಣ ಯಾರೇ ಆದರೂ ಕೇಳುವ ಮೊದಲ ಪ್ರಶ್ನೆ ಇದು. ವೈದ್ಯರು ಬಹುಕಾಲ ಅನುಭವದ ಮೇಲೆ ಉತ್ತರಿಸುತ್ತಿದ್ದರು. 2011ರಲ್ಲಿ ನವದೀಪ್ ತಂಗ್ರಿ ಮತ್ತು ಸಂಗಡಿಗರು ಕೆನಡಾದ ರೋಗಿಗಳ ದಾಖಲೆಗಳಿಂದ ಇದಕ್ಕೊಂದು ಸೂತ್ರ ಕಟ್ಟಿದರು. ವಯಸ್ಸು, ಲಿಂಗ, ಇಜಿಎಫ್‌ಆರ್, ಎಸಿಆರ್ ಈ ನಾಲ್ಕನ್ನು ಕೊಟ್ಟರೆ ಎರಡು ವರ್ಷದೊಳಗೆ ಮತ್ತು ಐದು ವರ್ಷದೊಳಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಗುವ ಸಂಭವ ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ. 2016ರಲ್ಲಿ 30ಕ್ಕೂ ಹೆಚ್ಚು ದೇಶಗಳ 7,21,357 ರೋಗಿಗಳ ದಾಖಲೆಗಳ ಮೇಲೆ ಅದನ್ನು ಪರೀಕ್ಷಿಸಿದಾಗ ಚೆನ್ನಾಗಿಯೇ ನಿಂತಿತು. ಉತ್ತರ ಅಮೆರಿಕದ ಹೊರಗೆ ಅಪಾಯವನ್ನು ತುಸು ಹೆಚ್ಚಾಗಿ ತೋರಿಸುತ್ತಿದ್ದುದರಿಂದ ಅದಕ್ಕೊಂದು ತಿದ್ದುಪಡಿಯನ್ನೂ ಸೇರಿಸಿದರು. ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯ 2024ರ ಆವೃತ್ತಿ ಇಂಥ ಲೆಕ್ಕದ ಮೇಲೆಯೇ ನಡೆಯಿರಿ ಎನ್ನುತ್ತದೆ: ಐದು ವರ್ಷದ ಅಪಾಯ ಶೇ 3ರಿಂದ 5 ಮುಟ್ಟಿದರೆ ತಜ್ಞರ ಬಳಿ ಕಳಿಸಿ, ಎರಡು ವರ್ಷದ ಅಪಾಯ ಶೇ 40 ದಾಟಿದರೆ ಡಯಾಲಿಸಿಸ್ ಅಥವಾ ಕಸಿಯ ತಯಾರಿ ಶುರುಮಾಡಿ.

ಈ ಲೆಕ್ಕ ಹಲವರಿಗೆ ಧೈರ್ಯ ಕೊಡುವಂಥದು. ಇಜಿಎಫ್‌ಆರ್ 42 ಇದ್ದು ಮೂತ್ರದಲ್ಲಿ ಪ್ರೋಟೀನ್ ಇಲ್ಲದ 75 ವರ್ಷದ ಅಜ್ಜನಿಗೆ ಡಯಾಲಿಸಿಸ್ ಬೇಕಾಗುವ ಸಂಭವ ಅತ್ಯಲ್ಪ. ಅಷ್ಟೇ ಇಜಿಎಫ್‌ಆರ್ ಇದ್ದು ಪ್ರೋಟೀನ್ ಧಾರಾಳ ಸೋರುತ್ತಿರುವ 40 ವರ್ಷದವನದು ಬೇರೆಯದೇ ಕಥೆ. ಇಬ್ಬರಿಗೂ "ಕಿಡ್ನಿ ಫೇಲ್" ಎಂಬ ಒಂದೇ ಹಣೆಪಟ್ಟಿ ಹಚ್ಚಿದರೆ, ಅಜ್ಜ ವೃಥಾ ಹೆದರುತ್ತಾನೆ; ಹೆದರಬೇಕಾದ ಯುವಕನಿಗೆ ಹೊತ್ತು ಮೀರುತ್ತದೆ.

ಹಾಗಾದರೆ ಅಜ್ಜ ನಿಶ್ಚಿಂತೆಯಿಂದ ಇರಬಹುದೇ? ಇಲ್ಲ. ಅವನಿಗೆ ಇರುವ ಅಪಾಯ ಹೃದಯದ್ದು. ಅಮೆರಿಕದಲ್ಲಿ ರೋಗಿಗಳನ್ನು ಐದು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂರನೆಯ ಹಂತದವರಲ್ಲಿ ಡಯಾಲಿಸಿಸ್ ಅಥವಾ ಕಸಿ ಬೇಕಾದವರು ಶೇ 1.3, ತೀರಿಕೊಂಡವರು ಶೇ 24.3. ನಾಲ್ಕನೆಯ ಹಂತದಲ್ಲಿ ಈ ಅಂಕಿಗಳು ಶೇ 19.9 ಮತ್ತು ಶೇ 45.7. ಕಿಡ್ನಿ ಸೋತವರಲ್ಲಿ ರಕ್ತನಾಳಗಳು ಬೇಗ ಗಟ್ಟಿಯಾಗುತ್ತವೆ, ಬಿ.ಪಿ. ಏರುತ್ತದೆ, ರಕ್ತಹೀನತೆ ಸೇರಿಕೊಳ್ಳುತ್ತದೆ, ಹೃದಯದ ಮೇಲೆ ಹೊರೆ ಬೀಳುತ್ತದೆ. ಡಯಾಲಿಸಿಸ್ ಕಾಣುವ ಮೊದಲೇ ಹೃದಯಾಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ಹೋದವರ ಸಾವಿನ ಕಾರಣದಲ್ಲಿ ಕಿಡ್ನಿಯ ಹೆಸರು ಬರುವುದೇ ಇಲ್ಲ. ಬಿ.ಪಿ. ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಬೀಡಿ ಬಿಡುವುದು ಇವೆಲ್ಲ ಕಿಡ್ನಿ ಚಿಕಿತ್ಸೆಯ ತಿರುಳೇ ಆಗುವುದು ಈ ಕಾರಣಕ್ಕೆ.

ಮಲೆನಾಡಿನ ತನ್ನದೇ ದಾರಿಗಳು

ದೇಶದ ಎಲ್ಲೆಡೆಯಂತೆ ಇಲ್ಲೂ ಸಕ್ಕರೆ ಕಾಯಿಲೆ, ಬಿ.ಪಿ. ಮುಖ್ಯ ಕಾರಣಗಳು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಬದುಕಿನಲ್ಲಿ ಕಿಡ್ನಿಗೆ ಪೆಟ್ಟು ಕೊಡುವ ಬೇರೆ ಸಂಗತಿಗಳೂ ಇವೆ.

ಮಳೆಗಾಲದ ಗದ್ದೆಯಲ್ಲಿ, ತೋಟದ ಕಪ್ಪಿನಲ್ಲಿ (ಬಸಿಗಾಲುವೆಯಲ್ಲಿ) ಬರಿಗಾಲಲ್ಲಿ ನಿಂತವರಿಗೆ ಇಲಿಜ್ವರ ತಗಲುತ್ತದೆ. ತಡವಾದರೆ ನಾಲ್ಕೈದು ದಿನದಲ್ಲೇ ಕಿಡ್ನಿ ಕೈಕೊಡಬಹುದು. ಕೊಳಕುಮಂಡಲ ಕಚ್ಚಿದರೂ ಹಾಗೆಯೇ. ಇಂಥ ಹಠಾತ್ ವೈಫಲ್ಯದಲ್ಲಿ ಕೆಲವು ದಿನ ಅಥವಾ ವಾರಗಳ ಡಯಾಲಿಸಿಸ್ ಜೀವ ಉಳಿಸುತ್ತದೆ, ಬಹುತೇಕರ ಕಿಡ್ನಿ ಮತ್ತೆ ಚೇತರಿಸಿಕೊಳ್ಳುತ್ತದೆ. "ಒಮ್ಮೆ ಶುರುಮಾಡಿದರೆ ಸಾಯುವ ತನಕ ಬಿಡುವ ಹಾಗಿಲ್ಲ" ಎಂದು ಹೆದರಿ ಒಪ್ಪಿಗೆ ಕೊಡದೆ ಮನೆಗೆ ಕರೆದೊಯ್ಯುವುದು ಪ್ರಾಣಕ್ಕೇ ಎರವಾದೀತು. ಹಾಗೆಂದು ಚೇತರಿಸಿಕೊಂಡವರು ಮರೆತು ಕೂರುವಂತೆಯೂ ಇಲ್ಲ. ಒಮ್ಮೆ ಪೆಟ್ಟು ತಿಂದ ಕಿಡ್ನಿ ಮುಂದೆ ದೀರ್ಘಕಾಲದ ಕಾಯಿಲೆಗೆ ಜಾರುವ ಸಂಭವ ಹೆಚ್ಚು. ಮೂರು ತಿಂಗಳಾದ ಮೇಲೆ ರಕ್ತ, ಮೂತ್ರ ಮತ್ತೆ ನೋಡಿಸಬೇಕು.

ಅಡಿಕೆಯ ಕೊನೆ ಕೊಯ್ಲಿನ ಕಾಲ ಬಂತೆಂದರೆ ಸೊಂಟ, ಭುಜ, ಮಂಡಿಯ ನೋವಿಗೆ ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ ನಿತ್ಯದ ಸಂಗಾತಿ. ಡೈಕ್ಲೊಫೆನಾಕ್ ಗುಂಪಿನ ಈ ಮಾತ್ರೆಗಳು ಕಿಡ್ನಿಗೆ ರಕ್ತ ಒಯ್ಯುವ ನಾಳವನ್ನು ಬಿಗಿಯುತ್ತವೆ. ಬಿ.ಪಿ. ಮಾತ್ರೆ ನುಂಗುತ್ತಿರುವವರು, ಬಿಸಿಲಲ್ಲಿ ಬೆವರಿ ನೀರು ಕುಡಿಯದವರು, ಈಗಾಗಲೇ ಕಿಡ್ನಿ ದುರ್ಬಲವಾದವರು ಇವನ್ನು ವಾರಗಟ್ಟಲೆ ತೆಗೆದುಕೊಂಡರೆ ಹಾನಿಯ ಅಪಾಯ ಹೆಚ್ಚು. ಜ್ವರಕ್ಕೂ ನೋವಿಗೂ ಮಿತಿಯೊಳಗಿನ ಪ್ಯಾರಾಸಿಟಮಾಲ್ ಇದಕ್ಕಿಂತ ಸುರಕ್ಷಿತ.

ಹಿತ್ತಲಲ್ಲಿ ಬೆಳೆಯುವುದೆಲ್ಲ ನಿರಪಾಯ ಎಂಬ ನಂಬಿಕೆಯನ್ನೂ ಸ್ವಲ್ಪ ತಡೆದು ನೋಡಬೇಕು. ಬಿಂಬುಳಿಯ ರಸ ಕೊಲೆಸ್ಟ್ರಾಲ್ ಇಳಿಸುತ್ತದೆಂದು ನಂಬಿ ಕುಡಿದ 10 ಮಂದಿಗೆ ಕೇರಳದಲ್ಲಿ ಹಠಾತ್ತನೆ ಕಿಡ್ನಿ ಕೈಕೊಟ್ಟ ಪ್ರಕರಣಗಳು 2013ರಲ್ಲಿ ವರದಿಯಾದವು; ಅವರಲ್ಲಿ 7 ಜನರಿಗೆ ಡಯಾಲಿಸಿಸ್ ಬೇಕಾಯಿತು. ಅದರಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿಯ ನಾಳಗಳನ್ನು ಕಟ್ಟುತ್ತದೆ. ಸಾರಿಗೆ ಎರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ದಾರೆಹುಳಿ, ಅಂದರೆ ಕಮರಾಕ್ಷಿ, ಕಿಡ್ನಿ ಸೋತವರಿಗೆ ನೇರ ವಿಷ: ಬಿಡದ ಬಿಕ್ಕಳಿಕೆ, ಬುದ್ಧಿಭ್ರಮಣೆ, ಫಿಟ್ಸ್, ಕೆಲವೊಮ್ಮೆ ಸಾವು. ಹಾವಿನ ವಿಷಕ್ಕೆಂದು ಹಳ್ಳಿಗಳಲ್ಲಿ ಹೆಸರಾದ ಈಶ್ವರಿ ಬಳ್ಳಿಯ ವಂಶದ ಸಸ್ಯಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಆ ವಂಶದ ಗಿಡಮೂಲಿಕೆ ಸೇರಿದ್ದ ಪುಡಿ ಸೇವಿಸಿದ ಅನೇಕ ಮಹಿಳೆಯರ ಕಿಡ್ನಿಗಳು ನಾಶವಾಗಿ ಜಗತ್ತೇ ಬೆಚ್ಚಿತ್ತು. ನಾಟಿ ಔಷಧ ತೆಗೆದುಕೊಳ್ಳುವವರು ವೈದ್ಯರ ಮುಂದೆ ಅದನ್ನು ಮುಚ್ಚಿಡುವುದು, ವೈದ್ಯರು ಗದರುವುದು, ಎರಡೂ ನಿಲ್ಲಬೇಕು. ಏನು ಹೊಟ್ಟೆಗೆ ಹೋಗುತ್ತಿದೆ ಎಂದು ಗೊತ್ತಾಗದೆ ಚಿಕಿತ್ಸೆ ಸಾಗದು.

ಇನ್ನು ಉಪ್ಪು. ಅಪ್ಪೆಮಿಡಿ, ಉಪ್ಪುಸೊಳೆ, ಉಪ್ಪುನೀರಿನಲ್ಲಿಟ್ಟ ಕಳಲೆ, ಹಪ್ಪಳ, ಒಣಮೀನು. ಮಳೆಗಾಲವನ್ನು ದಾಟಿಸಲು ಮಲೆನಾಡು ಕಂಡುಕೊಂಡ ಈ ಸಂಗ್ರಹವೆಲ್ಲ ಉಪ್ಪಿನ ಮೇಲೆ ನಿಂತದ್ದು. ಕಿಡ್ನಿ ಕಾಯಿಲೆಯವರಿಗೆ ದಿನಕ್ಕೆ ಒಟ್ಟು 5 ಗ್ರಾಂ, ಸುಮಾರು ಒಂದು ಟೀ ಚಮಚ, ಮಿತಿ. ಸೈಂಧವ ಲವಣವೂ ಉಪ್ಪೇ. "ಕಡಿಮೆ ಸೋಡಿಯಂ" ಎಂದು ಮಾರುವ ಪುಡಿಯಲ್ಲಿ ಪೊಟ್ಯಾಸಿಯಂ ಇರುವುದರಿಂದ ಕೊನೆಯ ಹಂತದವರಿಗೆ ಅದು ಇನ್ನೂ ಅಪಾಯ. ಎಳನೀರು, ಬಾಳೆಹಣ್ಣು, ಹಲಸಿನಹಣ್ಣನ್ನು ಕಿಡ್ನಿ ಕಾಯಿಲೆ ಎಂದ ತಕ್ಷಣ ಎಲ್ಲರೂ ಬಿಡಬೇಕಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದವರು, ಡಯಾಲಿಸಿಸ್‌ನಲ್ಲಿ ಇರುವವರು ಬಿಡಬೇಕು. ಏರಿದ ಪೊಟ್ಯಾಸಿಯಂ ಅವರ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು.

ತಡೆಯುವ ಮಾತ್ರೆಗಳು

ಹಾಳಾದ ಕಿಡ್ನಿಯನ್ನು ಮೊದಲಿನಂತೆ ಮಾಡುವ ಮದ್ದು ಇಲ್ಲ. ಆದರೆ ಸವೆಯುವ ವೇಗವನ್ನು ತಗ್ಗಿಸುವ ಮದ್ದುಗಳಿವೆ. ಲೊಸಾರ್ಟಾನ್‌ನಂಥ ಬಿ.ಪಿ. ಮಾತ್ರೆಗಳು ಪ್ರೋಟೀನ್ ಸೋರಿಕೆ ತಗ್ಗಿಸಿ ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ಕಾಯುತ್ತವೆ ಎಂಬುದು 2001ರಲ್ಲೇ ಸಾಬೀತಾಯಿತು. ಇವನ್ನು ಶುರುಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರುತ್ತದೆ. ಶೇ 30ರೊಳಗಿನ ಏರಿಕೆ ನಿರೀಕ್ಷಿತವೇ. "ಈ ಮಾತ್ರೆಯಿಂದಲೇ ಜಾಸ್ತಿಯಾಯಿತು" ಎಂದು ತಾವಾಗಿ ನಿಲ್ಲಿಸಿದವರು ಕೈಗೆ ಬಂದ ರಕ್ಷಣೆಯನ್ನೇ ಬಿಟ್ಟಂತಾಗುತ್ತದೆ.

ನಂತರ ಬಂದವು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಸಕ್ಕರೆ ಕಾಯಿಲೆಗೆಂದು ಹುಟ್ಟಿದ ಈ ಮಾತ್ರೆಗಳು ಸಕ್ಕರೆ ಇಲ್ಲದವರ ಕಿಡ್ನಿಯನ್ನೂ ಕಾಯುತ್ತವೆ. 2020ರಲ್ಲಿ ಪ್ರಕಟವಾದ, 4,304 ಜನರ ಮೇಲಿನ ಪ್ರಯೋಗದಲ್ಲಿ ಡಾಪಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಕಿಡ್ನಿಯ ಗಂಭೀರ ಕುಸಿತ, ವೈಫಲ್ಯ ಹಾಗೂ ಕಿಡ್ನಿ ಅಥವಾ ಹೃದಯದ ಕಾರಣದ ಸಾವು, ಒಟ್ಟಾರೆ ಶೇ 39ರಷ್ಟು ಕಡಿಮೆಯಾದವು. ಭಾರತದಲ್ಲಿ ಅದರ ಮೂಲ ಪೇಟೆಂಟ್ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚ್‌ನಲ್ಲಿ. ಒಂದಕ್ಕೆ ಸುಮಾರು 60 ರೂಪಾಯಿ ಇದ್ದ ಮಾತ್ರೆ ಕೆಲವು ಕಂಪನಿಗಳಲ್ಲಿ ಹತ್ತು ರೂಪಾಯಿಗೂ ಕೆಳಗಿಳಿಯಿತು. ಕೂಲಿಕಾರರ ಕೈಗೂ ಎಟಕುವ ಬೆಲೆ. ಯಾರಿಗೆ ಕೊಡಬೇಕು, ವಾಂತಿಭೇದಿ ಆದಾಗ ಯಾವಾಗ ನಿಲ್ಲಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಕಾಯಿಲೆ ಇದೆಯೆಂದೇ ಗೊತ್ತಿಲ್ಲದವರಿಗೆ ಇದು ತಲುಪುವುದು ಹೇಗೆ?

ಬಂದೇ ಬರುವುದಾದರೆ

ಎಷ್ಟು ಕಾಪಾಡಿಕೊಂಡರೂ ಕೆಲವರಿಗೆ ಡಯಾಲಿಸಿಸ್ ತಪ್ಪದು. ಮೊದಲೇ ಗೊತ್ತಿದ್ದರೆ ಅಲ್ಲೂ ಫಲ ಬೇರೆ. ತೋಳಿನ ಅಪಧಮನಿ, ಅಭಿಧಮನಿಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಬಲಿಯಲು ಒಂದೂವರೆ–ಎರಡು ತಿಂಗಳಾದರೂ ಬೇಕು. ತಯಾರಿಲ್ಲದೆ ಏದುಸಿರಿನೊಂದಿಗೆ ರಾತ್ರೋರಾತ್ರಿ ಬಂದವರಿಗೆ ಕುತ್ತಿಗೆಯಲ್ಲಿ ನಳಿಕೆ ಹಾಕಬೇಕಾಗುತ್ತದೆ; ಸೋಂಕು ಹೊಕ್ಕುವುದು ಹೆಚ್ಚಾಗಿ ಆ ದಾರಿಯಲ್ಲಿ. ನಾಲ್ಕನೆಯ ಹಂತ ತಲುಪಿದವರು ಬಳಕೆ ಕಡಿಮೆಯಿರುವ ಕೈಯ ರಕ್ತನಾಳಗಳನ್ನು ಕಾಯ್ದಿಟ್ಟುಕೊಳ್ಳಬೇಕು: ಆ ಕೈಗೆ ಡ್ರಿಪ್ ಬೇಡ, ರಕ್ತ ತೆಗೆಯುವುದು ಬೇಡ. ಹೆಪಟೈಟಿಸ್ ಬಿ ಲಸಿಕೆ ಮೊದಲೇ ಮುಗಿಸಿರಬೇಕು.

ಬೇಗ ಶುರುಮಾಡಿದರೆ ಒಳ್ಳೆಯದೆಂಬ ಎಣಿಕೆಯೂ ಸುಳ್ಳಾಗಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 828 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಂಕಿ ನೋಡಿ ಬೇಗ ಶುರುಮಾಡಿದವರಿಗೂ ಲಕ್ಷಣ ಕಾಣುವವರೆಗೆ ಕಾದವರಿಗೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾಯುವುದು ತಪ್ಪಲ್ಲ, ತಜ್ಞರ ಕಣ್ಣಿನಡಿ ಕಾಯಬೇಕು.

ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ನಗರ, ತುಮರಿ, ಆಗುಂಬೆಯಂಥ ಊರಿಗೆ ಹೇಳಿ ಮಾಡಿಸಿದ್ದು. ಸಾಮಾನ್ಯವಾಗಿ ಎರಡು ಲೀಟರಿನ ದ್ರವದ ಚೀಲವನ್ನು ದಿನಕ್ಕೆ ಮೂರು–ನಾಲ್ಕು ಸಲ ಮನೆಯಲ್ಲೇ ಬದಲಿಸಿಕೊಳ್ಳಬಹುದು. ಆಸ್ಪತ್ರೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು, ತಡೆಯಿಲ್ಲದ ಕರೆಂಟು ಬೇಕು. ಕೈಯಿಂದ ಮಾಡುವ ಈ ವಿಧಾನಕ್ಕೆ ಅವು ಬೇಡ. ಶುಚಿಯಾದ ಕೋಣೆ, ತರಬೇತಿ ಪಡೆದ ಕೈ, ಹೊತ್ತಿಗೆ ಸರಿಯಾಗಿ ಬರುವ ಚೀಲಗಳು ಬೇಕು. ಎಚ್ಚರ ತಪ್ಪಿದರೆ ಹೊಟ್ಟೆಯೊಳಗೆ ಸೋಂಕಾಗುತ್ತದೆ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದಕ್ಕೆ 2019ರಲ್ಲೇ ಮಾರ್ಗಸೂಚಿ ಬಂದಿದೆ. ಮಳೆಗಾಲದಲ್ಲಿ ದಾರಿ ಕಡಿಯುವ ಊರುಗಳಿಗೆ ಇದನ್ನು ಮೊದಲು ಕೊಡುವುದು ನ್ಯಾಯ.

ಕಸಿ ಎಲ್ಲಕ್ಕಿಂತ ಉತ್ತಮ. ಕುಟುಂಬದೊಳಗೆ ಕಿಡ್ನಿ ಕೊಡುವವರಲ್ಲಿ ತಾಯಿ, ಹೆಂಡತಿಯರೇ ಹೆಚ್ಚು. ಮಿದುಳು ನಿಷ್ಕ್ರಿಯಗೊಂಡವರ ಅಂಗದಾನವನ್ನು ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ನಿರ್ವಹಿಸುತ್ತದೆ. ಡಯಾಲಿಸಿಸ್ ಶುರುವಾದ ಮೊದಲ ತಿಂಗಳಲ್ಲೇ ಅಲ್ಲಿ ಹೆಸರು ನೋಂದಾಯಿಸುವ ಬಗ್ಗೆ ತಜ್ಞರನ್ನು ಕೇಳಬೇಕು.

ಹೋಬಳಿಯಿಂದ ಶುರು

2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಮೊದಲ ಸಲ ಕಿಡ್ನಿಯ ಆರೋಗ್ಯಕ್ಕೆಂದೇ ನಿರ್ಣಯ ಅಂಗೀಕರಿಸಿತು. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಡಿ ಮನೆಬಾಗಿಲಲ್ಲೇ ಬಿ.ಪಿ., ಶುಗರ್ ನೋಡುವ, ಮಾತ್ರೆ ತಲುಪಿಸುವ ವ್ಯವಸ್ಥೆ ರೂಪುಗೊಂಡಿದೆ. ಗುಡ್ಡ ಹತ್ತಿ ಇಳಿದು ಒಂಟಿಮನೆಗಳನ್ನು ಮುಟ್ಟುವ ಆಶಾ ಕಾರ್ಯಕರ್ತೆಯರಿಗಿಂತ ಚೆನ್ನಾಗಿ ಈ ಊರುಗಳನ್ನು ಬಲ್ಲವರಿಲ್ಲ. ಅವರ ಚೀಲದಲ್ಲಿ ಕೆಲವೇ ರೂಪಾಯಿ ಬೆಲೆಯ ಮೂತ್ರ ಪರೀಕ್ಷೆಯ ಪಟ್ಟಿಯೂ ಇರಬೇಕು. ಬಣ್ಣ ಬದಲಾದವರ ಎಸಿಆರ್, ಇಜಿಎಫ್‌ಆರ್ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಬೇಕು, ವರದಿಯಲ್ಲಿ ಕ್ರಿಯಾಟಿನಿನ್ ಪಕ್ಕದಲ್ಲೇ ಇಜಿಎಫ್‌ಆರ್ ಅಚ್ಚಾಗಬೇಕು. ಐದು ವರ್ಷದ ಅಪಾಯ ಲೆಕ್ಕಹಾಕಲು ವೈದ್ಯಾಧಿಕಾರಿಗೆ ಮೊಬೈಲ್ ಸಾಕು. ಅಪಾಯ ಹೆಚ್ಚಿದ್ದವರು ಶಿವಮೊಗ್ಗದ ತಜ್ಞರನ್ನು ಕಾಣಬೇಕು. ಉಳಿದವರಿಗೆ ಮಾತ್ರೆ ಊರಿನ ಆರೋಗ್ಯ ಕೇಂದ್ರದಲ್ಲೇ ತಪ್ಪದೆ ಸಿಗಬೇಕು.

ಇದಕ್ಕೆ ಹೊಸ ಕಟ್ಟಡ ಬೇಡ, ವಿದೇಶದಿಂದ ಯಂತ್ರ ತರಿಸಬೇಕಿಲ್ಲ. ನಗರ ಹೋಬಳಿಯ ಮುಂದಿನ ಗ್ರಾಮಸಭೆಗಳಲ್ಲಿ ರಸ್ತೆ, ಕರೆಂಟಿನ ಜೊತೆಗೆ ಈ ಬೇಡಿಕೆಯನ್ನೂ ಬರೆಸಬಹುದು: ನಲವತ್ತು ದಾಟಿದ, ಶುಗರ್ ಅಥವಾ ಬಿ.ಪಿ. ಇರುವ ಪ್ರತಿಯೊಬ್ಬರಿಗೂ ಮಳೆಗಾಲ ಹಿಡಿಯುವ ಮೊದಲು ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗಬೇಕು, ಅದರ ಫಲಿತಾಂಶ ಅವರ ಕೈಯಲ್ಲಿ ಚೀಟಿಯಾಗಿ ಇರಬೇಕು.